ರೇಷ್ಮೆ ಸೀರೆ ಒಲ್ಲದ ಜಪಾನಿ ಡೈರೆಕ್ಟರ್
“ಮದ್ವೆ ಸೀರೆ ಉಟ್ಟು ಊರ್ಗೆಲ್ಲ ಹೇಳ್ಬಂದಿವ್ನಿ, ನಿಮ್ಮ ಡೈರೆಕ್ಟ್ರು ಕ್ಯಾಮ್ರಾನೇ ಮುಟ್ಟಾಕಿಲ್ವಲ್ಲ!” ಎಂದು ಕೊಣನೂರಿನ ಮಾದಮ್ಮ ರೇಗಿದಾಗ, ಡೈರೆಕ್ಟರ ಮಾತನ್ನು ಕನ್ನಡದಲ್ಲಿ ತಿಳಿಸಲು ಬಂದಿದ್ದ ಕಾಲೇಜು ಹುಡುಗಿ ಮಾನ್ಯಳಿಗೂ ತಲೆಬುಡ ತಿಳಿಯಲಿಲ್ಲ. ಹಳ್ಳಿ ಬದುಕಿನ ಚಿತ್ರ ತೆಗೆಯಲು ಬಂದಿದ್ದ ಈ ಡೈರೆಕ್ಟರ್ ಮೊರಿನೊ ನಲವತ್ತು ವರ್ಷ ಜಪಾನಿನಲ್ಲಿ ಸಿನಿಮಾ ಮಾಡಿದವರು. ಎಮ್ಮೆಗೂ ಬಗ್ಗಿ ನಮಸ್ಕರಿಸುತ್ತಾರೆ, ಚಾಪೆ ಬಿಟ್ಟು ಏಳುವುದಿಲ್ಲ, ‘ಆಕ್ಷನ್’ ಅನ್ನುವುದೇ ಇಲ್ಲ, ಸಿಂಗರಿಸಿಕೊಂಡವರನ್ನು ಕಂಡರೆ ಕ್ಯಾಮೆರಾ ಮುಚ್ಚಿಟ್ಟು ಕಾಫಿ ಕುಡಿಯುತ್ತಾರೆ. ಮಾದಮ್ಮ ಸಿಟ್ಟಿನಲ್ಲೇ ಹಳೇ ಸೀರೆ ಸುತ್ತಿಕೊಂಡು ರೊಟ್ಟಿ ತಟ್ಟಲು ಕೂತದ್ದೇ ತಡ, ಮೊರಿನೊ ಕ್ಯಾಮೆರಾ ಮಾದಮ್ಮನ ಕೈಗಳ ಮೇಲೇ ನೆಟ್ಟಿತು. ಯಾಕೆಂದು ಮಾನ್ಯ ಕೇಳಿದಳು. ಮೊರಿನೊ ಅವರ ಅಮ್ಮನದು ಅಂತ ಉಳಿದಿರುವುದು ಮದುವೆಯ ಫೋಟೊ ಒಂದೇ, ಅದರಲ್ಲಿ ಅಮ್ಮನ ಕೈಗಳು ಮದುವೆ ಉಡುಪಿನ ಉದ್ದ ತೋಳಿನೊಳಗೆ ಮುಚ್ಚಿಹೋಗಿವೆಯಂತೆ. ಅದನ್ನು ಕೇಳಿ ಮಾದಮ್ಮ ಹಿಟ್ಟು ಮೆತ್ತಿದ ತಮ್ಮ ಕೈಗಳನ್ನೇ ನೋಡಿಕೊಂಡರು. “ಮುಂದಿನ್ವಾರಾನೂ ಬರಕ್ಕೇಳವ್ವ. ಮುದ್ದೆ ಕಟ್ತೀನಿ, ಕಣ್ತುಂಬ ನೋಡ್ಕಳ್ಳಿ.”