ಮೊಮ್ಮಗಳ ಮೌನಕ್ಕೆ ನಾನು ಬಾಯಿ ಹಾಕಿದ್ದು

ಕಾನ್ವೆಂಟಿನಲ್ಲಿ ಕಲಿಯುವಾಗ ಆರು ವರ್ಷ ನಾನು ಶಾಲೆಯ ಎಲ್ಲ ನಾಟಕಗಳಲ್ಲೂ ಇದ್ದೆ. ಆದರೆ ಒಂದು ದಿನವೂ ಯಾರ ಕಣ್ಣಿಗೂ ಬಿದ್ದವಳಲ್ಲ. ನಾನು ಪ್ರಾಂಪ್ಟರ್. ಅಂದರೆ ಪರದೆಯ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತ ಹುಡುಗಿಗೆ ಮುಂದಿನ ಸಾಲನ್ನು ಪಿಸುಗುಟ್ಟುವವಳು. ರಾಣಿಯ ಪಾತ್ರಕ್ಕೆ ನಾನೂ ಕೈ ಎತ್ತಿದ್ದುಂಟು. ಸಿಸ್ಟರ್ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ರಾಣಿಯರು ಬೇಕಾದಷ್ಟು ಸಿಗುತ್ತಾರೆ ಚೈಲ್ಡ್, ನಿನ್ನಂಥ ಮೆಮರಿ ಸಿಗುವುದಿಲ್ಲ" ಎಂದರು. ಮೀನುಗಾರರ ಮನೆಯ ಕಪ್ಪು ಹುಡುಗಿಗೆ ಕಿರೀಟ ಕೊಡದಿರಲು ಅದೊಂದು ಪೊಲೈಟ್ ನೆಪವೋ, ನಿಜವಾದ ಹೊಗಳಿಕೆಯೋ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲೂ ನನಗೆ ತೀರ್ಮಾನವಾಗಿಲ್ಲ. ಕೆಲವು ದಿನ ಹಾಗೆ ಅನ್ನಿಸುತ್ತದೆ, ಕೆಲವು ದಿನ ಹೀಗೆ.

ಸಿಸ್ಟರ್ ಕಲಿಸಿದ್ದು ಒಂದೇ ರೂಲ್. ಸ್ಟೇಜಿನ ಮೇಲೆ ಮಾತು ನಿಂತರೆ ಅದು ಹೊಂಡ. ನೋಡುವವರು ಅದರಲ್ಲಿ ಬೀಳುವ ಮೊದಲು ಮುಚ್ಚಿಬಿಡಬೇಕು. ಮನಸ್ಸಿನಲ್ಲೇ ಮೂರು ಎಣಿಸಿ, ನಾಲ್ಕಕ್ಕೆ ಸಾಲು ಕೊಡಬೇಕು. ಮುಂದೆ ನನಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಅಲ್ಲಿಯೂ ಲೈನಿನಲ್ಲಿ ಸದ್ದಿಲ್ಲದಿದ್ದರೆ ನಾನು ಬಾಯಿ ಹಾಕಲೇಬೇಕಿತ್ತು. ಹೀಗೆ ಈ ಚಾಳಿ ಗಟ್ಟಿಯಾಗುತ್ತಾ ಹೋಯಿತು. ಮದುವೆಯಾದ ಮೇಲೆ ನನ್ನ ಗಂಡ ಒಂದು ವಾಕ್ಯವನ್ನು ತಾವಾಗಿಯೇ ಮುಗಿಸಿದ್ದು ಕಡಿಮೆ. ಪಾಪ, ಅವರು ಕಂಪ್ಲೇಂಟ್ ಮಾಡಲಿಲ್ಲ. ಮಾಡಲು ಹೊರಟರೆ ಅದನ್ನೂ ನಾನೇ ಮುಗಿಸುತ್ತಿದ್ದೆ.

ಹೋದ ವರ್ಷ ಮೊಮ್ಮಗಳು ಪಿಯುಸಿ ಮುಗಿಸಿ, ನಾಟಕದ ಡಿಗ್ರಿ ಮಾಡುತ್ತೇನೆಂದು ಹಟ ಹಿಡಿದಳು. ವಾಮಂಜೂರು ಕಡೆಯ ಒಂದು ಕಾಲೇಜಿನಲ್ಲಿ ಆ ಕೋರ್ಸ್ ಇತ್ತು. ಸೀಟು ಕೆಲವೇ, ಮಾರ್ಕ್ಸ್ ಎಷ್ಟಿದ್ದರೂ ಆಡಿಷನ್ ಪಾಸಾಗಲೇಬೇಕು. ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿರುವ ನನ್ನ ಸೊಸೆ ಮಗಳಿಗೂ ಲ್ಯಾಬ್ ಕೋರ್ಸಿನ ಫಾರ್ಮ್ ತುಂಬಿಸಿ ಇಟ್ಟಿದ್ದಳು. ನಮ್ಮದು ತುಳು ಮಾತಾಡುವ ಮನೆ. ಆ ದಿನದ ಜಗಳವನ್ನು ಕನ್ನಡದಲ್ಲಿ ಬರೆದರೆ ಸ್ವಲ್ಪ ಖಾರ ಕಡಿಮೆಯಾಗುತ್ತದೆ, ಇರಲಿ.

"ಮಾಮಿ, ನೀವೇ ಇವಳ ತಲೆ ಹಾಳು ಮಾಡಿದ್ದು. ನಾಟಕ ಕಲಿತು ನಾಳೆ ಎಂತ ಮಾಡುದು?" ಅಂದಳು ಸೊಸೆ.

"ನಾನೆಂತ ಮಾಡಿದೆ ಮಾರಾಯ್ತಿ? ನಾನು ಸ್ಟೇಜೇ ಹತ್ತಿದವಳಲ್ಲ."

"ಅದಕ್ಕೇ ಇವಳನ್ನು ಹತ್ತಿಸುದಲ್ವಾ?"

ಮಾತು ನೇರವಾಗಿ ತಾಗಿತು. ನಾನು ಸುಮ್ಮನಾದೆ, ಎಂದರೆ ಮೂರು ಎಣಿಸುವಷ್ಟು ಹೊತ್ತು. ಕೊನೆಗೆ ಸೊಸೆ ಮಗಳ ಕಡೆ ತಿರುಗಿ ಅಂದಳು: "ಒಂದೇ ಚಾನ್ಸ್. ಸಿಕ್ಕಿದ್ರೆ ಹೋಗು. ಸಿಗದಿದ್ರೆ ಲ್ಯಾಬ್ ಕೋರ್ಸ್. ಮತ್ತೆ ಮುಖ ಊದಿಸಿಕೊಂಡು ಕೂತ್ಕೊಳ್ಳಿಕ್ಕಿಲ್ಲ." ಹುಡುಗಿ ಒಪ್ಪಿದಳು.

ಆಡಿಷನ್ನಿಗೆ ಎರಡು ತುಣುಕು ಬೇಕಿತ್ತು: ಅವರು ಕೊಟ್ಟ ನಾಟಕದ ಒಂದು ಭಾಗ, ಮತ್ತು ತಾನೇ ಬರೆದದ್ದು ಒಂದು. ಎದುರು ಮಾತು ಹೇಳಲು ಒಬ್ಬರನ್ನು ಕರೆತರಬಹುದು. ಒಂದು ತಿಂಗಳು ಮನೆಯಲ್ಲಿ ಪ್ರಾಕ್ಟೀಸಿಗೆ ಎದುರು ಮಾತು ಹೇಳಿದವಳು ನಾನೇ. ಹಾಗಾಗಿ ಬೇರೆ ಯಾರನ್ನಾದರೂ ಕರೆಯುವ ಪ್ರಶ್ನೆಯೇ ಬರಲಿಲ್ಲ.

ಅವಳು ಬರೆದದ್ದು ಮೀನು ಮಾರುವ ಒಬ್ಬ ಹುಡುಗಿಯ ಕಥೆ. ಅದಕ್ಕೆ ಮೂಲ ನಾನು ಎಂದೋ ಹೇಳಿದ ಒಂದು ಮಾತು. ನನ್ನ ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುತ್ತಿದ್ದವಳು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ತೀರಿಹೋದಳು. ಹದಿನೈದನೆಯ ದಿನಕ್ಕೆ ನನ್ನ ಅಕ್ಕ ಅದೇ ಬುಟ್ಟಿ ಹೊತ್ತು ಅದೇ ಮನೆಗಳಿಗೆ ಹೊರಟಳು. ಅವಳು ಹೊರಟದ್ದರಿಂದ ನಾನು ಕಾನ್ವೆಂಟಿನಲ್ಲಿ ಉಳಿದೆ. ಪ್ರತಿ ಬಾಗಿಲಿನಲ್ಲೂ ಜನ "ಅಮ್ಮ ಎಲ್ಲಿ?" ಎಂದು ಕೇಳಿರಬೇಕು. ಅಕ್ಕ ಏನು ಉತ್ತರ ಕೊಟ್ಟಳೋ, ನಾನು ಒಂದು ದಿನವೂ ಕೇಳಲಿಲ್ಲ. ಕೇಳಬೇಕೆಂದು ಬುದ್ಧಿ ಬರುವಾಗ ಅಕ್ಕನೂ ಇರಲಿಲ್ಲ.

ಮೊಮ್ಮಗಳು ಅದನ್ನು ಈ ಕಾಲಕ್ಕೆ ತಂದಿದ್ದಳು. ಹುಡುಗಿ ಫ್ಲ್ಯಾಟಿನ ಕೆಳಗೆ ನಿಂತು ಮೇಲಿನ ಬಾಲ್ಕನಿಗೆ ಕೂಗುತ್ತಾಳೆ. ಬಾಲ್ಕನಿಯ ಹೆಂಗಸು ನಾನು.

ಆ ದಿನ ನಾವಿಬ್ಬರೂ ರಿಕ್ಷಾ ಹತ್ತಿದೆವು. ದೋಣಿ ನಿಲ್ಲುವ ದಕ್ಕೆಯಲ್ಲಿ ಐಸ್ ವ್ಯಾಪಾರ ಮಾಡುವ ನನ್ನ ಮಗ, ಈ ವಿಷಯದಲ್ಲಿ ಹಾಗೂ ಹೇಳದೆ ಹೀಗೂ ಹೇಳದೆ, ಒಂದು ಹಳೆಯ ಮೀನಿನ ಬುಟ್ಟಿ ತಂದುಕೊಟ್ಟಿದ್ದ. ಎಷ್ಟು ತೊಳೆದರೂ ವಾಸನೆ ಹೋಗಿರಲಿಲ್ಲ. ಪಂಪ್‌ವೆಲ್ ಫ್ಲೈಓವರಿನ ಕೆಳಗೆ ಬ್ಲಾಕ್ ಆಗಿ ನಿಂತಾಗ ರಿಕ್ಷಾದವರು ಮೂಗು ಅರಳಿಸಿ ಹಿಂದೆ ತಿರುಗಿದರು.

"ಮೀನು ಎಂತ ಉಂಟು ಅಕ್ಕ? ಬಂಗುಡೆಯಾ?"

"ಮೀನಲ್ಲ, ನಾಟಕ" ಅಂದಳು ಮೊಮ್ಮಗಳು.

"ನಾಟಕವಾ? ಫ್ರೆಶ್ ಉಂಟಲ್ಲ?"

ಅಷ್ಟರವರೆಗೆ ಹೆದರಿ ಬೆಳ್ಳಗಾಗಿದ್ದ ಅವಳು ನಕ್ಕಳು. ಆ ರಿಕ್ಷಾದವರಿಗೆ ಪುಣ್ಯ ಬರಲಿ.

ಕಾಲೇಜಿನ ಹಿಂದೆ ಇನ್ನೂ ಎರಡು ಗದ್ದೆ ಉಳಿದಿದ್ದವು. ವರಾಂಡದಲ್ಲಿ ಹುಡುಗರು ಗೋಡೆಯ ಕಡೆ ಮುಖ ಮಾಡಿ ಮಾತು ಉರು ಹೊಡೆಯುತ್ತಿದ್ದರು. ಒಬ್ಬ ತಾಯಿ ಫ್ಲಾಸ್ಕಿನಿಂದ ಮಗನಿಗೆ ಎಷ್ಟು ಕಷಾಯ ಕುಡಿಸಿದ್ದಳೆಂದರೆ, ಅವನ ಸರದಿ ಬಂದಾಗ ಅವನು ಬಾತ್‌ರೂಮಿನಲ್ಲಿದ್ದ. ನಮ್ಮನ್ನು ಮಧ್ಯಾಹ್ನದ ಹೊತ್ತಿಗೆ ಕರೆದರು.

ಒಳಗೆ ಮೂವರು ಕೂತಿದ್ದರು. ಮಾತಾಡಿದ್ದು ನಡುವೆ ಇದ್ದ, ನರೆಗೂದಲಿನ ಮೇಡಂ ಮಾತ್ರ. ಮೊದಲ ತುಣುಕು ಚೆನ್ನಾಗಿ ಹೋಯಿತು. ಎರಡನೆಯದಕ್ಕೆ ನಾನು ಪಕ್ಕದ ಗೋಡೆಗೆ ತಾಗಿ ಕುರ್ಚಿಯಲ್ಲಿ ಕೂತು, ಸ್ಕ್ರಿಪ್ಟ್ ತೊಡೆಯ ಮೇಲಿಟ್ಟು, ಬೆರಳನ್ನು ಸಾಲಿನ ಕೆಳಗೆ ಇಟ್ಟುಕೊಂಡೆ. ಅರುವತ್ತು ವರ್ಷದ ಹಿಂದೆ ಹೇಗೆ ಇಟ್ಟುಕೊಳ್ಳುತ್ತಿದ್ದೆನೋ ಹಾಗೆಯೇ.

"ಬಂಗುಡೆ ಉಂಟಮ್ಮಾ! ಕಣ್ಣು ನೋಡಿ ಅದರದ್ದು, ನಿಮ್ಮನ್ನೇ ನೋಡ್ತಾ ಉಂಟು!"

"ನಿನ್ನೆಯದ್ದಲ್ಲವಾ?" ಅಂದೆ ನಾನು.

"ನಿನ್ನೆ ನಾನೇ ಬರ್ಲಿಲ್ಲ, ಮೀನು ಎಲ್ಲಿಂದ ಬರುದು?"

ಮೂವರಲ್ಲಿ ಒಬ್ಬರು ನಕ್ಕದ್ದು ಕೇಳಿಸಿತು. ನಾನು ಮುಂದಿನ ಸಾಲು ಹೇಳಿದೆ: "ನೀನು ಹೊಸಬಳಾ? ಯಾವಾಗಲೂ ನಿನ್ನ ಅಮ್ಮ ಅಲ್ವಾ ಬರುದು? ಅವಳು ಎಲ್ಲಿ?"

ಇಲ್ಲಿ ಅವಳು ಸ್ವಲ್ಪ ಸುಮ್ಮನಿದ್ದು, ಆಮೇಲೆ "ಅಮ್ಮ ಇನ್ನು ಬರುದಿಲ್ಲ" ಎನ್ನಬೇಕು. ಮನೆಯಲ್ಲಿ ಆ ಸುಮ್ಮನಿರುವಿಕೆ ಎರಡು ಎಣಿಸುವಷ್ಟು ಮಾತ್ರ ಇರುತ್ತಿತ್ತು. ಅಲ್ಲಿ ಎರಡಾಯಿತು, ಮೂರಾಯಿತು. ಸದ್ದಿಲ್ಲ. ಮರೆತಳು ಎಂದುಕೊಂಡೆ. ಒಂದೇ ಚಾನ್ಸ್. ನಾಲ್ಕಕ್ಕೆ ನನ್ನ ಬಾಯಿ ತಾನಾಗಿ ತೆರೆದು, ಸಿಸ್ಟರ್ ಕಲಿಸಿದ ಆ ಪಿಸುಮಾತಿನಲ್ಲಿ ಹೇಳಿತು:

"ಅಮ್ಮ ಇನ್ನು ಬರುದಿಲ್ಲ."

ಕಾನ್ವೆಂಟಿನ ಪಿಸುಮಾತು ಕೊನೆಯ ಬೆಂಚಿಗೂ ಕೇಳುವಂಥದ್ದು. ಆ ಸಣ್ಣ ರೂಮಿನಲ್ಲಿ ಅದು ಕೂಗಿದಂತೆ ಆಯಿತು. ನಾನು ತಲೆ ಎತ್ತಿದಾಗ ಅವಳ ಮುಖ ಕಂಡು, ಮರೆತಿರಲಿಲ್ಲ ಎಂದು ಗೊತ್ತಾಯಿತು. ಬೇಕೆಂದೇ ನಿಲ್ಲಿಸಿದ್ದಳು. ಓ ಗಾಡ್, ಹುಡುಗಿಯ ಸೀಟು ನಾನೇ ಕಳೆದೆ ಎಂದುಕೊಂಡೆ.

ಅವಳು ಬುಟ್ಟಿಯ ಬದಿ ಹಿಡಿದುಕೊಂಡೇ ನಿಧಾನವಾಗಿ ನನ್ನ ಕಡೆ, ಬಾಲ್ಕನಿಯ ಕಡೆ, ಕತ್ತೆತ್ತಿದಳು.

"ಗೊತ್ತುಂಟಲ್ಲ ನಿಮಗೆ?" ಅಂದಳು. "ಮತ್ತೆ ಎಂತಕ್ಕೆ ಕೇಳುದು?"

ಅದು ಸ್ಕ್ರಿಪ್ಟಿನಲ್ಲಿ ಇರಲೇ ಇಲ್ಲ. ಹೇಗೋ ನನ್ನ ಕೊನೆಯ ಸಾಲು ಹೇಳಿದೆ, "ಎರಡು ಬಂಗುಡೆ ಕೊಡು" ಎಂದು. ಅವಳೂ ತನ್ನ ಕೊನೆಯ ಸಾಲು ಹೇಳಿದಳು: "ಅಮ್ಮ ನಿಮಗೆ ತಲೆ ತೆಗೆದು ಕೊಡ್ತಿದ್ಳಾ, ಇಟ್ಟೇ ಕೊಡ್ತಿದ್ಳಾ?"

ಮೇಡಂ ಪೆನ್ನು ಕೆಳಗಿಟ್ಟರು. "ನಡುವೆ ಆ ಸ್ವರ ಬಂತಲ್ಲ, ಅದು ಬರೆದದ್ದೇ ಹಾಗೆಯಾ?"

ಹೌದು ಎಂದರೆ ಮುಗಿಯುತ್ತಿತ್ತು. ಹೌದು ಎನ್ನು ಹುಡುಗಿ, ಎಂದು ನನ್ನ ತುಟಿ ಅಲ್ಲಾಡಿತು ಸಹ.

"ಇಲ್ಲ ಮೇಡಂ. ಅಜ್ಜಿ ಬಾಯಿ ಹಾಕಿದ್ದು. ಅವರು ಶಾಲೆಯಲ್ಲಿ ಪ್ರಾಂಪ್ಟರ್ ಆಗಿದ್ರು."

ಮೂವರೂ ನಕ್ಕರು. "ಅಜ್ಜಿಯದ್ದೂ ಅಪ್ಲಿಕೇಶನ್ ಉಂಟಾ?" ಎಂದು ಕೇಳಿದ ಮೇಡಂ, ನಗು ನಿಂತ ಮೇಲೆ ಅವಳಿಗೆ ಹೇಳಿದರು: "ಬಿದ್ದದ್ದನ್ನು ನೀನು ಹಿಡ್ಕೊಂಡೆ, ಅದು ಒಳ್ಳೇದು. ಆದರೆ ನಿನ್ನ ಆ ಸೈಲೆನ್ಸ್ ಎಷ್ಟು ದೂರ ಹೋಗ್ತಿತ್ತು ಅಂತ ನನಗೆ ನೋಡ್ಬೇಕು. ಅಲ್ಲಿಂದ ಇನ್ನೊಮ್ಮೆ ಮಾಡು."

"ನಾನು ಹೊರಗೆ ಹೋಗ್ತೇನೆ" ಎಂದು ಎದ್ದೆ.

"ಬೇಡ ಅಜ್ಜಿ, ಕೂತ್ಕೊಳ್ಳಿ. ನೀವೇ ಕೇಳ್ಬೇಕು" ಅಂದಳು ಮೊಮ್ಮಗಳು. ಬಂದು ನನ್ನ ತೊಡೆಯ ಮೇಲಿದ್ದ ಸ್ಕ್ರಿಪ್ಟನ್ನು ಮೆಲ್ಲಗೆ ತೆಗೆದುಕೊಂಡು ಹೋದಳು.

ನಾನು ಕೇಳಿದೆ: "ನಿನ್ನ ಅಮ್ಮ ಎಲ್ಲಿ?" ಕರ್ಚೀಫನ್ನು ಬಾಯಿಗೆ ಒತ್ತಿ ಹಿಡಿದುಕೊಂಡೆ.

ಪ್ರಾಂಪ್ಟರ್ ಆದವಳು ಪುಸ್ತಕ ನೋಡುತ್ತಾಳೆ, ಮುಖ ನೋಡುವುದಿಲ್ಲ. ಆರು ವರ್ಷ ನಾಟಕದ ಅಷ್ಟು ಹತ್ತಿರ ನಿಂತಿದ್ದರೂ ನಾನು ಒಂದು ಮೌನವನ್ನೂ ಪೂರ್ತಿಯಾಗಿ ಕಂಡವಳಲ್ಲ. ಆ ದಿನ ಕಂಡೆ. ಅವಳು ಬುಟ್ಟಿಯ ಮೇಲಿನ ಒದ್ದೆ ಗೋಣಿಯನ್ನು ಸರಿಮಾಡಿದಳು. ಸರಿಯಾಗಿದ್ದದ್ದನ್ನೇ ಮತ್ತೆ ಸರಿಮಾಡಿದಳು. ಒಂದು ಅಂಚನ್ನು ಒಳಗೆ ಮಡಚಿದಳು, ಮಗುವಿಗೆ ಹೊದಿಸುವ ಹಾಗೆ. ಹೊರಗೆ ಗದ್ದೆಯ ಕಡೆಯಿಂದ ಒಂದು ಕಾಗೆ ಕೂಗಿತು. ನಾನು ಎಣಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವಳೇ, ಬಹಳ ಸಣ್ಣ ವಿಷಯವೊಂದನ್ನು ಹೇಳುವ ಹಾಗೆ, "ಅಮ್ಮ ಇನ್ನು ಬರುದಿಲ್ಲ" ಅಂದಳು. ನನ್ನ ಅಕ್ಕನೂ ಹೀಗೆಯೇ ಹೇಳಿರಬಹುದು.

ಹಿಂದೆ ಬರುವಾಗ ರಿಕ್ಷಾದಲ್ಲಿ ನಾನು ಸಾರಿ ಕೇಳಿದೆ. ಅವಳು ನನ್ನ ಕೈ ಹಿಡಿದು, "ನೀವು ಆ ಲೈನ್ ಕೊಡುವಾಗ ನಿಮ್ಮ ಸ್ವರ ನಡುಗಿತು ಅಜ್ಜಿ. ಅದಕ್ಕೇ ನನಗೆ ಆ ಉತ್ತರ ಬಂದದ್ದು. ಆದರೆ ಇನ್ನು ಮಾತ್ರ ಹಾಗೆ ಮಾಡ್ಲಿಕ್ಕಿಲ್ಲ, ಆಯ್ತಾ?" ಎಂದಳು. ಬೈಗುಳವೂ ಸಮಾಧಾನವೂ ಒಟ್ಟಿಗೇ ಸಿಕ್ಕಿತು.

ಹತ್ತು ದಿನ ಕಳೆದು, ಆಡಿಷನ್ನಿನ ರಿಸಲ್ಟ್ ಬರುವ ದಿನ ಬೆಳಿಗ್ಗೆ, ಸೊಸೆ ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು, ನಾನು ಬೂತಾಯಿ ಮೀನಿನ ಸಾರಿಗೆ ಹುಣಸೆ ಹಿಂಡುತ್ತಿದ್ದೆ. ಮೊಮ್ಮಗಳು ಮೊಬೈಲ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಏನೂ ಹೇಳಲಿಲ್ಲ.

"ಎಂತಾಯ್ತು? ಹೇಳು ಮಾರಾಯ್ತಿ!" ಎಂದು ಸೊಸೆ ಒಂದೇ ಉಸಿರಿಗೆ ಕೇಳಿದಳು. ಅವಳ ಕೈಯಲ್ಲಿದ್ದ ಟಿಫಿನ್ ಬಾಕ್ಸಿನ ಮುಚ್ಚಳ ಹಾಗೆಯೇ ನಿಂತಿತ್ತು. ನಾಟಕ ಬೇಡವೆಂದವಳೇ ನಮ್ಮಿಬ್ಬರಿಗಿಂತ ಹೆಚ್ಚು ಹೆದರಿದ್ದಳು.

ಹುಡುಗಿ ಆಗಲೂ ಬಾಯಿ ಬಿಡಲಿಲ್ಲ. ತುಟಿಯ ಮೂಲೆಯಲ್ಲಿ ಮಾತ್ರ ಒಂದು ನಗು ಅಲುಗುತ್ತಿತ್ತು. ಸಾಲು ಯಾವುದೆಂದು ನನಗೆ ಗೊತ್ತಾಗಿಹೋಗಿತ್ತು. ನಾಲಗೆಯ ತುದಿಗೂ ಬಂದಿತ್ತು. ಹುಣಸೆ ನೀರಿನಲ್ಲಿ ಕೈ ಇಟ್ಟುಕೊಂಡು, ಅವಳ ಮುಖ ನೋಡುತ್ತಾ, ನಾನು ಸುಮ್ಮನೆ ನಿಂತೆ. ಆ ಮಾತು ಅವಳದ್ದು. ಅವಳೇ ಹೇಳಲಿ.