ಎತ್ತಿನ ಗೊಟ್ಟ, ಬೆಕ್ಕಿನ ಬಾಯಿ

ನಾನು ಚಿಕ್ಕವನಿದ್ದಾಗ ನಮ್ಮ ಹೊಳೆಮಣ್ಣೂರಿನಲ್ಲಿ ಎತ್ತಿಗೆ ಔಷಧ ಹಾಕುವುದೆಂದರೆ ಅಪ್ಪನೇ ಬರಬೇಕು. ಎಂಥ ಹಟಮಾರಿ ಎತ್ತೇ ಇರಲಿ, ಮೂಗುದಾರ ಹಿಡಿದು ಮುಖ ಮೇಲೆತ್ತಿ, ಬಿದಿರಿನ ಗೊಟ್ಟವನ್ನು ಬಾಯಿಯ ಸಂದಿಗೆ ಇಳಿಸಿ, ಕಷಾಯವನ್ನು ಗಟಗಟ ಕುಡಿಸಿಬಿಡುತ್ತಿದ್ದ. ಹೊಳೆಆಲೂರಿನಿಂದಲೂ ಜನ ಕರೆಯಲು ಬರುತ್ತಿದ್ದರು. ಅಂಥ ಅಪ್ಪನನ್ನು ಒಂದು ದಿನ ನಮ್ಮ ಮನೆಯ ಬೆಕ್ಕು ಸೋಲಿಸಿತು.

ಬೆಕ್ಕು ಎತ್ತುಗಳ ಗೋದಲಿಯ ಮೂಲೆಯಲ್ಲಿ, ಒಣ ಮೇವಿನ ಮೇಲೆ ಮೂರು ಮರಿ ಹಾಕಿತ್ತು. ಅವಿನ್ನೂ ಕಣ್ಣು ಬಿಡುವ ಮೊದಲೇ ತಾಯಿ ಅನ್ನ ನೀರು ಬಿಟ್ಟು ಮಲಗಿತು. ಹೊಟ್ಟೆ ಬಿಗಿದು ಕಲ್ಲಾಗಿತ್ತು, ಮೊಲೆಯಲ್ಲಿ ಹಾಲಿರಲಿಲ್ಲ. ಅಕ್ಕ ಆಕಳ ಹಾಲಿನಲ್ಲಿ ಅರಳೆ ಅದ್ದಿ ಮರಿಗಳ ಬಾಯಿಗೆ ಇಟ್ಟಳು. ಹಾಲೆಲ್ಲ ಗದ್ದದ ಮೇಲೇ ಇಳಿಯಿತು. ಸಣ್ಣ ಮರಿಯಂತೂ ಕೂಗುವುದನ್ನೇ ನಿಲ್ಲಿಸಿತ್ತು. ತಾಯಿ ಏಳದಿದ್ದರೆ ಒಂದೂ ಉಳಿಯುವುದಿಲ್ಲ ಎಂದು ನನಗೂ ತಿಳಿದಿತ್ತು.

ದನದ ದವಾಖಾನೆ ದೂರ. ಬೆಕ್ಕನ್ನು ಒಯ್ದರೆ ಅಲ್ಲಿ ನಗುತ್ತಾರೆ ಎಂದರು ಎಲ್ಲರೂ. ಹೊಟ್ಟೆ ಸಡಿಲಾಗಲೆಂದು ಅವ್ವ ಔಡಲ ಎಣ್ಣೆಗೆ ಓಮಿನ ಕಷಾಯ ಬೆರೆಸಿ ಕೊಟ್ಟಳು. ಮನೆತುಂಬ ಓಮಿನ ಘಾಟು. ಅಪ್ಪನ ಕೈಗೆ ಹತ್ತಿದ ರೂಢಿ ಬಿಡಬೇಕಲ್ಲ! ಬೆರಳುಗಾತ್ರದ ಬಿದಿರು ಕೊಯ್ದು ಪುಟ್ಟದೊಂದು ಗೊಟ್ಟ ಮಾಡಿದ. ಹಿಂಗಾಲು ಹಿಡಿಯಲು ಅಕ್ಕನಿಗೆ ಹೇಳಿದ.

"ಎತ್ತಲ್ಲರೀ ಅದು, ಹಗೂರ ಹಿಡೀರಿ," ಎಂದಳು ಅವ್ವ.

ಅಪ್ಪ ಎಲ್ಲಿ ಕೇಳಬೇಕು? ಎತ್ತಿನ ಮುಖ ಎತ್ತುವಂತೆಯೇ ಎತ್ತಿದ. ಎತ್ತಿಗೆ ಉಗುರಿರುವುದಿಲ್ಲ, ಬೆಕ್ಕಿಗೆ ಇರುತ್ತವೆ! ಕಣ್ಣು ಮುಚ್ಚಿ ತೆಗೆಯುವುದರೊಳಗೆ ಗೊಟ್ಟ ಒಂದು ಕಡೆ, ಬೆಕ್ಕು ಒಂದು ಕಡೆ. ಎಣ್ಣೆ ಅರ್ಧ ಅಪ್ಪನ ಧೋತರಕ್ಕೆ, ಅರ್ಧ ಬೆಕ್ಕಿನ ಎದೆಗೂ ಕಾಲಿಗೂ ಬಿತ್ತು. ಏಳಲಾರದ ಬೆಕ್ಕು ಎಲ್ಲಿಂದ ತ್ರಾಣ ತಂದುಕೊಂಡಿತೋ, ಜೋಳದ ಚೀಲಗಳನ್ನು ಹತ್ತಿ ಜಂತಿ ಸೇರಿತು.

ಕೆನೆ ತೋರಿಸಿ ಕರೆದೆವು, ಬರಲಿಲ್ಲ. ಏಣಿ ಹಾಕಿದರೆ ಇನ್ನೂ ಒಳಗೆ ಸರಿಯಿತು. ಅಕ್ಕ ಮರಿಗಳನ್ನು ಉಡಿಯಲ್ಲಿಟ್ಟುಕೊಂಡು ಅಳತೊಡಗಿದಳು. ಅಪ್ಪ ಕೈಯ ರಕ್ತ ಒರೆಸಿಕೊಳ್ಳದೆ ಕಂಬಕ್ಕೆ ಒರಗಿ ಕುಳಿತ. ಇನ್ನೇನು ಮಾಡುವುದು ಎಂದು ಕೇಳಿದೆ.

"ನನಗ ತಿಳೀವಲ್ದಪಾ," ಎಂದ.

ಅಪ್ಪನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಬೆಕ್ಕು ಸಾಯಬಹುದು ಎಂಬುದಕ್ಕಿಂತ ಆ ಮಾತಿಗೇ ನನಗೆ ಹೆಚ್ಚು ಹೆದರಿಕೆಯಾಯಿತು.

ಸಂಜೆ ಬೆಕ್ಕು ಜಂತಿಯ ಮೇಲೆಯೇ ಮೈ ನೆಕ್ಕತೊಡಗಿತು. ಮೈಗಂಟಿದ ಎಣ್ಣೆಯನ್ನು ಅದು ಸಹಿಸಲಿಲ್ಲ. ಎದೆ, ಕಾಲು, ಬೆರಳ ಸಂದಿ ಎಲ್ಲ ನೆಕ್ಕಿತು. ನಾವು ಕುಡಿಸಲಾಗದ ಔಷಧವನ್ನು ತಾನೇ ಹೊಟ್ಟೆಗೆ ಸೇರಿಸಿಕೊಳ್ಳುತ್ತಿತ್ತು. ನಾವು ಕೆಳಗೆ ಬಾಯಿ ತೆರೆದು ನೋಡುತ್ತ ಕುಳಿತೆವು. ಮರುದಿನ ಬೆಳಗ್ಗೆ ತಾನಾಗಿ ಇಳಿದು ಬಂದು ಹಾಲು ಕುಡಿಯಿತು, ಮರಿಗಳ ಪಕ್ಕ ಮಲಗಿತು. ಎರಡು ಮರಿ ಮೊಲೆ ಹಿಡಿದವು. ಸಣ್ಣದು ಅಷ್ಟರಲ್ಲಿ ತಣ್ಣಗಾಗಿತ್ತು.

ಮೊಮ್ಮಕ್ಕಳೇ, ಮೊನ್ನೆ ನಿಮ್ಮ ಬೆಕ್ಕಿಗೆ ಜ್ವರ ಬಂದಾಗ ಡಾಕ್ಟರು ಅದನ್ನು ಟವೆಲಿನಲ್ಲಿ ಸುತ್ತಿ, ಸೂಜಿಯಿಲ್ಲದ ಸಿರಿಂಜಿನಿಂದ ತುಟಿಯ ಸಂದಿಗೆ ಔಷಧ ಬಿಟ್ಟರು. ನೀವು ಮೊಬೈಲಿನಿಂದ ತಲೆ ಎತ್ತುವಷ್ಟರಲ್ಲಿ ಮುಗಿದಿತ್ತು. ನಮ್ಮ ಕಾಲವೇ ಚೆಂದವಿತ್ತು ಎಂದು ಅಜ್ಜ ಹೇಳುತ್ತಾನೆ ಅಂದುಕೊಂಡಿರೇನು? ಇಲ್ಲ ಮಕ್ಕಳೇ, ನಿಮ್ಮ ಕಾಲವೇ ಚಲೋ. ಟವೆಲಿನಲ್ಲಿ ಸುತ್ತುವುದೊಂದು ಅಪ್ಪನಿಗೆ ಗೊತ್ತಿದ್ದಿದ್ದರೆ, ಆ ಸಣ್ಣ ಮರಿಯೂ ಉಳಿಯುತ್ತಿತ್ತು.