ಕಾಕಾ ಎಸೆದ ಒಂದು

ಕಾಕಾನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಇಪ್ಪತ್ತು ಮುಖದ ದಾಳವನ್ನು ಎಸೆಯುವ ಮೊದಲು ಆ ಉಗುರಿನಿಂದ ಅದರ ಅಂಚುಗಳನ್ನು ಸವರಿ ನೋಡುತ್ತಿದ್ದರು. ಹೊಸ ದಾಳ ತಂದರೆ ಉಪ್ಪುನೀರಿನ ಲೋಟದಲ್ಲಿ ತೇಲಿಸಿ, ಒಂದೇ ಮುಖ ಮತ್ತೆ ಮತ್ತೆ ಮೇಲೆ ಬರುತ್ತದೆಯೋ ಎಂದು ಪರೀಕ್ಷಿಸದೆ ಆಟಕ್ಕೆ ಬಿಡುತ್ತಿರಲಿಲ್ಲ. ಒಂದು ವರ್ಷ ನನಗೆ ಆ ಉಗುರು ಕಂಡರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು.

ಸಿಕಂದರಾಬಾದಿನ ನಮ್ಮ ಕಟ್ಟಡದಲ್ಲಿ ಅವರದು ಮೇಲಿನ ಮನೆ. ಗದಗಿನ ಕಡೆಯವರು, ರಕ್ಷಣಾ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾಗಿದ್ದರು. ಭಾನುವಾರ ಊಟವಾದ ಮೇಲೆ ಅವರ ಮಗ, ಸೊಸೆ ಮತ್ತು ನಾನು ಅವರ ಮೇಜಿನ ಸುತ್ತ ಕೂರುತ್ತಿದ್ದೆವು. ಮಗ ಹಾಸ್ಟೆಲಿನಲ್ಲಿ ಕಲಿತು ಬಂದ ಆಟ. ಕಲಿಸಿದವನನ್ನೇ ಎದುರಿಗೆ ಕೂರಿಸಿಕೊಂಡು ಅಪ್ಪ ಆಟದ ಯಜಮಾನರಾಗಿಬಿಟ್ಟಿದ್ದರು. ಅವರು ಕತೆ ಹೇಳುವುದು, ನಾವು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯುವುದು, ಗೆದ್ದೆವೋ ಸೋತೆವೋ ಎಂದು ದಾಳ ಹೇಳುವುದು. ದಾಳ ಸ್ಟೀಲಿನ ತಾಟಿನಲ್ಲೇ ಬೀಳಬೇಕು. ಎಸೆದವರಲ್ಲ, ಅವರ ಬಲಕ್ಕೆ ಕೂತವರು ಅಂಕಿ ಓದಿ ಹೇಳಬೇಕು. ಇಪ್ಪತ್ತು ಬಿದ್ದರೆ ಎಂಥ ಬಡಪಾಯಿಗೂ ಗೆಲುವು. ಒಂದು ಬಿದ್ದರೆ ಎಂಥ ಶೂರನಿಗೂ ಸೋಲು.

ನನ್ನದು ಬಿಲ್ಲುಗಾರ್ತಿ. ಪಟಾನ್‌ಚೆರುವಿನ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ವಾರವಿಡೀ ತಲೆ ತಗ್ಗಿಸಿ ದುಡಿಯುವ ನಾನು ಭಾನುವಾರ ಮಾತ್ರ ಅವಳಾಗುತ್ತಿದ್ದೆ. ಮೂರು ವರ್ಷ ಬೆಳೆಸಿದ್ದೆ. ಒಂದು ಸಂಜೆ ಅವಳಿಗೆ ವಿಷದ ಬಾಣ ತಗುಲಿತು. ಅವಳ ತಾಕತ್ತಿನ ಅಂಕ ಎಷ್ಟಿತ್ತೆಂದರೆ, ಅದನ್ನು ಕೂಡಿಸಿದರೆ ದಾಳದಲ್ಲಿ ಏನು ಬಿದ್ದರೂ ಬದುಕುವ ಲೆಕ್ಕಕ್ಕೆ ಸಾಕಾಗುತ್ತಿತ್ತು. ಬಿದ್ದದ್ದು ಒಂದು.

"ಕೂಡಿಸಿದ್ರ ಸಾಕಾಗ್ತದಲ್ಲ ಕಾಕಾ," ಎಂದು ಗೋಗರೆದೆ.

"ಒಂದು ಅಂದ್ರ ಒಂದು, ತಂಗಿ. ಕಾರ್ಖಾನ್ಯಾಗ ಅಳತಿಗೆ ಕೂಡಲಿಲ್ಲಂದ್ರ ರಿಜೆಕ್ಟ್. ಸಾಹೇಬ್ರ ಚೀಟಿ ತಂದ್ರೂ ರಿಜೆಕ್ಟ್."

ಅವಳ ವಿವರ ಬರೆದಿದ್ದ ನನ್ನ ಹಾಳೆ ಇಸಿದುಕೊಂಡು ಕೆಂಪು ಪೆನ್ನಿನಲ್ಲಿ 'ತೀರಿಕೊಂಡಳು' ಎಂದು ಬರೆದು, ಚಹಾ ಕುಡಿದರು. ಚಹಾ! ನಾನು ಕೆಳಗಿಳಿದು ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮುದುಕಾ, ನಿನ್ನ ಕರುಳು ಸುಡುವ ಹಾಗೆ ನಿನಗೂ ಒಂದು ದಿನ ಒಂದು ಬೀಳಲಿ, ಅದನ್ನು ನಾನೇ ಓದುತ್ತೇನೆ ಎಂದುಕೊಂಡೆ.

ಆಮೇಲೂ ಹೊಸ ಪಾತ್ರ ಹಿಡಿದು ಆಟಕ್ಕೆ ಹೋದೆ, ಅದೊಂದೇ ಆಸೆಗೆ. ಕಾಕಾನಿಗೂ ಒಂದು ಮುದ್ದಿನ ಪಾತ್ರವಿತ್ತು: ನಮಗೆ ದಾರಿ ತೋರಿಸುವ ಮುದುಕ ಮಾಂತ್ರಿಕ. ಅವನ ಮಾತು ಬಂದರೆ ಕಾಕಾನ ದನಿಯೇ ಬೇರೆಯಾಗುತ್ತಿತ್ತು. ನನ್ನ ಕಣ್ಣು ಅವನ ಮೇಲೆ ನೆಟ್ಟಿತ್ತು.

ಅಷ್ಟರಲ್ಲಿ ಸಕ್ಕರೆ ಕಾಯಿಲೆ ಕಾಕಾನ ಕಿಡ್ನಿಯನ್ನೂ ಕಣ್ಣನ್ನೂ ತಿಂದುಹಾಕಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ತಾಟಿನಲ್ಲಿ ದಾಳ ಬಿದ್ದ ಸದ್ದು ಕೇಳುತ್ತಿತ್ತು, ಅಂಕಿ ಕಾಣುತ್ತಿರಲಿಲ್ಲ. ಬಲಕ್ಕೆ ಕೂತ ಮಗ ಓದಿ ಹೇಳುತ್ತಿದ್ದ. ಒಂದು ಭಾನುವಾರ ಅವನು ಶಂಶಾಬಾದಿನ ವಿಮಾನ ನಿಲ್ದಾಣದ ಡ್ಯೂಟಿ ಮುಗಿಸಿ ಬರುವುದು ತಡವಾಯಿತು. ನಾನು ಹೋಗಿ ಆ ಕುರ್ಚಿ ಹಿಡಿದೆ. ಅವನು ಬಂದ ಮೇಲೂ ಏಳಲಿಲ್ಲ.

ಅಂದು ಮಾಂತ್ರಿಕ ಮುರಿದ ಸೇತುವೆ ದಾಟಬೇಕಿತ್ತು. ಕಾಕಾ ದಾಳ ಎಸೆದರು. ಒಂದು.

ಮಗ ಕಣ್ಣಲ್ಲೇ ಬೇಡವೆಂದ. ಸೊಸೆ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಅಡುಗೆಮನೆ ಬಾಗಿಲಲ್ಲಿದ್ದ ಕಾಕಾನ ಹೆಂಡತಿ, ಕಾಕು, ಎರಡೂ ಕೈ ಜೋಡಿಸಿದರು.

"ಒಂದು," ಎಂದೆ. ಬಾಯಿಗೆ ಸಕ್ಕರೆ ಬಿದ್ದಂತಾಯಿತು.

ಕಾಕಾ ನನ್ನ ಕಡೆ ತಿರುಗಿದರು. "ಖರೇನ?"

"ಖರೇ, ಕಾಕಾ. ಒಂದು ಅಂದ್ರ ಒಂದು."

ಅವರು ಕೆಮ್ಮು ಬರುವಷ್ಟು ನಕ್ಕರು. "ನಾಲ್ಕು ತಿಂಗಳಾತು, ನನಗ ಒಂದು ಬಿದ್ದೇ ಇಲ್ಲ. ದಾಳ ಕೆಟ್ಟೈತೇನೋ ಅಂತ ಮೊಮ್ಮಗಳ ಕಡೆ ಉಪ್ಪುನೀರಾಗ ತೇಲಿಸಿ ನೋಡೀನಿ. ದಾಳ ಚಲೋ ಐತಿ. ಕೆಟ್ಟವರು ಇವರು. ಕೆಂಪು ಪೆನ್ನು ಕೊಡ್ರಿ." ತಡವರಿಸಿ ತಾವೇ 'ತೀರಿಕೊಂಡ' ಎಂದು ಬರೆದರು, ಸಾಲು ಸೊಟ್ಟಗೆ ಹಾಳೆಯಿಂದ ಹೊರಗೆ ಹೋಯಿತು. ಮಗ ನನ್ನನ್ನು ಮಾತಾಡಿಸದೆ ಎದ್ದುಹೋದ. ನಾನು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಮುಂದಿನ ತಿಂಗಳು ಕಾಕು ಕೆಳಗಿಳಿದು ಬಂದರು. "ಆಸ್ಪತ್ರ್ಯಾಗ ನಿನ್ನನ್ನ ಕರಿಯಾಕತ್ತಾರವ್ವಾ. ನಾವು ಏನು ಹೇಳಿದ್ರೂ ನಂಬವಲ್ಲರು."

ಹೋದೆ. ಕಾಕಾ ದಿಂಬಿನ ಕೆಳಗಿನಿಂದ ಮಡಿಚಿದ ರಿಪೋರ್ಟುಗಳನ್ನು ತೆಗೆದು ಚಾಚಿದರು. "ಎಲ್ಲಾರೂ ಸುಧಾರಿಸಾಕತ್ತೀರಿ ಅಂತಾರ. ನೀ ಲ್ಯಾಬಿನಾಕಿ, ನೀ ಓದು. ನೀ ಸುಳ್ಳು ಓದಾಕಿ ಅಲ್ಲ."

ಅಂಕಿಗಳು ನನಗೆ ಅರ್ಥವಾಗುತ್ತಿದ್ದವು. ಅರ್ಥವಾಗದಿದ್ದರೆ ಚೆನ್ನಾಗಿತ್ತು. ಮಗ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ; ಈ ಸಲ ಬೇಡವೆನ್ನಲಿಲ್ಲ. ನನಗೆ ಮಾತ್ರ ಜಗತ್ತಿನ ಎಲ್ಲ ಸುಳ್ಳುಗಳೂ ನಾಲಿಗೆಯ ತುದಿಗೆ ಬಂದು ನಿಂತವು. ಇದ್ದದ್ದನ್ನು ಇದ್ದಂತೆ ಓದಿದೆ. ಕೊನೆಯ ಸಾಲನ್ನೂ ಬಿಡಲಿಲ್ಲ.

"ಆತು," ಎಂದರು ಕಾಕಾ. ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡರು. "ಇನ್ನ ಈ ಸೂಜಿ ಎಲ್ಲಾ ತೆಗಸ್ರಿ. ಮನಿಗೆ ಹೋಗೂಣು."

ಹನ್ನೊಂದು ದಿನ ಮನೆಯಲ್ಲಿದ್ದರು. ಕಾಕು ಮಾಡಿದ ಬೆಲ್ಲದ ಮಾದಲಿ ತಿಂದರು, ಮಗನಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದರು, ಹೋದರು. ಅಂದು ತಾಟಿನಲ್ಲಿ ಬಿದ್ದದ್ದನ್ನು ನಾನು ಓದಿದ್ದು ಸೇಡಿಗೆ ಎಂದು ಅವರಿಗೆ ಕೊನೆಗೂ ಹೇಳಲಿಲ್ಲ.